ಪದಚರ್ಚೆ: ಬೇಟೆಗಾರನ ಬಂದೂಕು ಜಪ್ತಿಯೋ, ಮುಟ್ಟುಗೋಲೋ, ಎರವೋ?

ಗೆಳೆಯರೇ, ನಮಸ್ಕಾರ.

ಅಮೆರಿಕದ ಗೇಮ್ ವಾರ್ಡನ್‌ಗಳ, ಅಂದರೆ ಬೇಟೆಯ ನಿಯಮಗಳನ್ನು ಕಾಯುವ ಅಧಿಕಾರಿಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಿಯಮ ಮೀರಿದ ಬೇಟೆಗಾರರ ಸಾಮಾನನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಅವರಿಗೆ ಎಷ್ಟಿದೆ ಅನ್ನುವುದೇ ಲೇಖನದ ವಿಷಯ. ಕರಡನ್ನು ಒಬ್ಬ ಗೆಳತಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ವಾರ್ಡನ್ ಕೈ ಹಾಕಿದ ಕ್ಷಣವೇ ಬಂದೂಕು ಸರ್ಕಾರದ್ದಾಯಿತಾ?" ಇಲ್ಲ, ಹಾಗಲ್ಲ. ಆದರೆ ನನ್ನ ಕನ್ನಡ ಅವಳಿಗೆ ಹಾಗೆಯೇ ಹೇಳಿತ್ತು. ತಪ್ಪು ಅವಳದ್ದಲ್ಲ, ನಾನು ಬಳಸಿದ ಪದದ್ದು. ಅದಕ್ಕೇ ಈ ಪತ್ರ.

ತೊಡಕು ಎಲ್ಲಿದೆ ಅಂತ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಸೀಝ್ (ಹಿಡಿದುಕೊಳ್ಳುವುದು), ಕಾನ್ಫಿಸ್ಕೇಟ್ (ಕಿತ್ತುಕೊಳ್ಳುವುದು), ಫಾರ್ಫೀಟ್ (ತಪ್ಪಿನಿಂದ ಹಕ್ಕು ಕಳೆದುಕೊಳ್ಳುವುದು) ಎಂಬ ಮೂರು ಮಾತುಗಳಿವೆ. ನಾನು ಮೂರಕ್ಕೂ "ವಶಪಡಿಸಿಕೊಳ್ಳು" ಅಂತ ಬರೆದುಬಿಟ್ಟಿದ್ದೆ. ಪತ್ರಿಕೆಗಳಲ್ಲಿ ನಾವು ದಿನಾ ಓದುವುದೂ ಅದನ್ನೇ ಅಲ್ವಾ? ಮರಳು ಲಾರಿ ವಶ, ಗಾಂಜಾ ವಶ, ನಗದು ವಶ. ಅದರಿಂದ ವಸ್ತು ಕೈಬದಲಾಯಿತು ಅಂತ ಗೊತ್ತಾಗುತ್ತದೆ, ಅಷ್ಟೇ. ಅದು ಯಾರದ್ದಾಯಿತು, ಎಷ್ಟು ದಿನದ ಮಟ್ಟಿಗೆ, ವಾಪಸ್ ಬರುತ್ತದಾ, ಇದ್ಯಾವುದೂ ಆ ಮಾತಿನಿಂದ ತಿಳಿಯುವುದಿಲ್ಲ. ಈ ಲೇಖನದ ತಿರುಳೇ ಆ ಪ್ರಶ್ನೆಗಳು.

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ತುಂಬಾ ಹಳೆಯದು. 1894ರ ಮಾರ್ಚ್‌ನಲ್ಲಿ ಎಡ್ಗರ್ ಹೋವೆಲ್ ಎಂಬವನು ಯೆಲ್ಲೋಸ್ಟೋನ್ ಪಾರ್ಕಿನ ಪೆಲಿಕನ್ ಕಣಿವೆಯಲ್ಲಿ ಬೈಸನ್‌ಗಳನ್ನು ಕೊಂದು ಸಿಕ್ಕಿಬಿದ್ದ. ಆಗ ಆ ಪಾರ್ಕನ್ನು ಕಾಯುತ್ತಿದ್ದದ್ದು ಸೈನ್ಯ. ಹಿಡಿದರು ಸರಿ, ಆದರೆ ಅವನನ್ನು ಪಾರ್ಕಿನಿಂದ ಆಚೆ ಕಳಿಸುವುದು ಬಿಟ್ಟರೆ ಜೈಲಿಗೆ ಹಾಕಲು ಕಾನೂನೇ ಇರಲಿಲ್ಲ. ಸುದ್ದಿ ಹಬ್ಬಿತು, ಜನ ಸಿಟ್ಟಾದರು, ಅದೇ ವರ್ಷ ಮೇ 7ಕ್ಕೆ ಹೊಸ ಕಾಯ್ದೆಗೆ ಸಹಿ ಬಿತ್ತು. ಸಾವಿರ ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಅದರಲ್ಲಿ ಒಂದು ಉದ್ದನೆಯ ವಾಕ್ಯವಿದೆ. ಅದನ್ನು ಬಿಡಿಸಿ ಹೇಳಿದರೆ ಹೀಗಾಗುತ್ತದೆ: ಪ್ರಾಣಿಗಳನ್ನು ಕೊಲ್ಲಲು, ಹಿಡಿಯಲು ಬಳಸಿದ ಬಂದೂಕು, ಬೋನು, ಕುದುರೆ, ಗಾಡಿ ಎಲ್ಲವೂ ಸರ್ಕಾರಕ್ಕೆ ಫಾರ್ಫೀಟ್ ಆಗತಕ್ಕದ್ದು, ಪಾರ್ಕಿನ ಅಧಿಕಾರಿಗಳು ಅವನ್ನು ಸೀಝ್ ಮಾಡಬಹುದು, ಮೊಕದ್ದಮೆ ಮುಗಿಯುವವರೆಗೆ ಇಟ್ಟುಕೊಳ್ಳಬಹುದು, ಅಪರಾಧ ಸಾಬೀತಾದರೆ ಉಳಿದ ಶಿಕ್ಷೆಯ ಜೊತೆಗೆ ಫಾರ್ಫೀಟ್ ಮಾಡಿ ತೀರ್ಪು ಕೊಡಬೇಕು.

ಒಂದೇ ವಾಕ್ಯದಲ್ಲಿ ಮೂರು ಹಂತ ನೋಡಿ. ಮೊದಲು ಅಧಿಕಾರಿ ಕಾಡಿನಲ್ಲೇ ವಸ್ತುವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಆಮೇಲೆ ಅದು ಸುಮ್ನೆ ಒಂದು ಕಡೆ ಇರುತ್ತದೆ, ಮಾಲೀಕ ಇನ್ನೂ ಬದಲಾಗಿಲ್ಲ. ಕೊನೆಗೆ ನ್ಯಾಯಾಲಯ ಹೇಳಿದ ಮೇಲೆ ಮಾತ್ರ ಅದು ಸರ್ಕಾರಕ್ಕೆ ಸೇರುತ್ತದೆ. ಇವತ್ತಿಗೂ ಆ ದೇಶದ ಹೆಚ್ಚಿನ ಬೇಟೆ ಕಾನೂನುಗಳ ಬೆನ್ನೆಲುಬು ಇದೇ. ಇಲ್ಲಿ ಮೂರು ಕಡೆಯೂ "ವಶ" ಅಂತ ಹಾಕಿದರೆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಈಗ ನಮ್ಮ ಪದಗಳಿಗೆ ಬರುತ್ತೇನೆ.

ಮೊದಲ ಹಂತಕ್ಕೆ ಜಪ್ತಿ ಸರಿ ಅನ್ನಿಸುತ್ತದೆ. ಅರಬ್ಬಿಯ ಜಬ್ತ್ ಪಾರಸಿ, ಹಿಂದುಸ್ತಾನಿಗಳ ಮೂಲಕ ನಮಗೆ ಬಂದದ್ದು, ಬಿಗಿಯಾಗಿ ಹಿಡಿಯುವುದು ಅಂತ ಮೂಲ ಅರ್ಥ. (ಹಾಗಾಗಿ ಕೆಲವರು ಬರೆಯುವ "ಜಫ್ತಿ"ಗೆ ಆಧಾರವಿಲ್ಲ. ಮೂಲದಲ್ಲಿ ಇರುವುದು ಬಕಾರ, ಅದು ನಮ್ಮ ಬಾಯಲ್ಲಿ ಪಕಾರ ಆಗಿದೆ, ಫಕಾರಕ್ಕೆ ಅಲ್ಲಿ ಜಾಗವೇ ಇಲ್ಲ. ದಯವಿಟ್ಟು ಜಪ್ತಿ ಅಂತಲೇ ಬರೆಯೋಣ.) ಆಡುಮಾತಿನಲ್ಲಂತೂ ಜನ "ಗಾಡಿ ಸೀಜ್ ಮಾಡಿದ್ರು" ಅಂತಾರೆ. ಹಾಗೆ ಹೇಳುವಾಗ ಗಾಡಿ ಶಾಶ್ವತವಾಗಿ ಹೋಯಿತು ಅಂತ ಯಾರೂ ಅಂದುಕೊಳ್ಳುವುದಿಲ್ಲ, ಬಿಡಿಸಿಕೊಂಡು ಬರಬೇಕು ಅಂತಲೇ ಮುಂದಿನ ಮಾತು. ಅಂದರೆ ನಮ್ಮ ಆಡುಮಾತು ಈ ಭೇದವನ್ನು ಬರೆಯುವ ಕನ್ನಡಕ್ಕಿಂತ ಚೆನ್ನಾಗಿ ಉಳಿಸಿಕೊಂಡಿದೆ. "ಸೀಜ್" ಅಂತಲೇ ಬರೆದರೆ ನನಗೇನೂ ಬೇಸರವಿಲ್ಲ.

ಎರಡನೇ ಹಂತಕ್ಕೆ ಹೇಳಿ ಮಾಡಿಸಿದ ಪದ ಒಂದಿತ್ತು: ಅಮಾನತ್ತು. ನಂಬಿಕೆಯ ಮೇಲೆ ಒಬ್ಬರ ಬಳಿ ಇಟ್ಟ ವಸ್ತು, ಠೇವಣಿ. ವಸ್ತು ಇನ್ನೂ ನಿಮ್ಮದೇ, ಇರುವುದು ಮಾತ್ರ ಬೇರೆಯವರ ಬಳಿ. ವಿಚಾರಣೆ ಮುಗಿಯುವವರೆಗೆ ಕೊಠಡಿಯಲ್ಲಿ ಕೂತ ಬಂದೂಕಿನ ಸ್ಥಿತಿ ಇದೇ ಅಲ್ವಾ? ಪೊಲೀಸ್ ಬರಹಗಳಲ್ಲಿ "ಅಮಾನತ್ತುಪಡಿಸಿಕೊಂಡು" ಅಂತ ಈಗಲೂ ಕಾಣುತ್ತದೆ. ಆದರೆ ಉಳಿದವರಿಗೆಲ್ಲ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ಇದೇ ಲೇಖನದಲ್ಲಿ ಬೇಟೆ ಲೈಸೆನ್ಸನ್ನು ಅಮಾನತಿನಲ್ಲಿಡುವ ವಿಷಯವೂ ಇದೆ. 1989ರಲ್ಲಿ ಕೊಲರಾಡೊ, ನೆವಾಡಾ, ಒರೆಗಾನ್ ರಾಜ್ಯಗಳು ಒಂದು ಒಪ್ಪಂದ ಶುರು ಮಾಡಿದವು. ಅದರ ಪ್ರಕಾರ ಒಂದು ರಾಜ್ಯದಲ್ಲಿ ಲೈಸೆನ್ಸ್ ಹೋದವನಿಗೆ ಒಪ್ಪಂದದಲ್ಲಿರುವ ಬೇರೆ ರಾಜ್ಯಗಳೂ ಬೇಟೆಯ ಬಾಗಿಲು ಮುಚ್ಚಬಹುದು. ಈಗ ಬಹುತೇಕ ಎಲ್ಲ ರಾಜ್ಯಗಳೂ ಅದರಲ್ಲಿವೆ. ಲೈಸೆನ್ಸಿಗೂ ಅಮಾನತು, ಬಂದೂಕಿಗೂ ಅಮಾನತ್ತು ಅಂದರೆ ಓದುಗರಿಗೆ ಗೊಂದಲ ಜಾಸ್ತಿಯಾಗುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಆ ಪದವನ್ನು ಬಿಟ್ಟು "ಹಿಡಿದಿಡು" ಅಂತ ಬರೆದಿದ್ದೇನೆ.

ಕಾನ್ಫಿಸ್ಕೇಟ್‌ಗೆ ಮುಟ್ಟುಗೋಲು. ಈ ಪದದ ಮೇಲೆ ನನಗೆ ಪ್ರೀತಿ, ಅದಕ್ಕೇ ಸ್ವಲ್ಪ ನಿಂತು ಮಾತಾಡುತ್ತೇನೆ. ಇದರಲ್ಲಿರುವ "ಗೋಲು" ಏನು? ಕೋಲು ಅಂತ ಹಲವರು ಹೇಳುತ್ತಾರೆ, ಕೋಲಿನಿಂದ ಮುಟ್ಟಿ ಗುರುತು ಮಾಡುವುದು ಅಂತ. ನನಗೆ ಅದು ಹಳಗನ್ನಡದ "ಕೋಳ್" ಇರಬೇಕು ಅನ್ನಿಸುತ್ತದೆ. ಕೋಳ್ ಎಂದರೆ ಹಿಡಿಯುವುದು, ಕಸಿಯುವುದು. ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ತುರುಗೋಳ್ ನೆನಪಿಸಿಕೊಳ್ಳಿ, ದನಗಳನ್ನು ಹಿಡಿದೊಯ್ಯುವುದು. ಇನ್ನು "ಮುಟ್ಟು"ವಿಗೆ ತಾಗು ಅನ್ನುವುದರ ಜೊತೆಗೆ ಸಲಕರಣೆ ಅಂತಲೂ ಅರ್ಥವಿದೆ. ಎರಡನ್ನೂ ಜೋಡಿಸಿದರೆ ಮುಟ್ಟುಗೋಳ್, ಅಂದರೆ ಒಬ್ಬನ ಕಸುಬಿನ ಸಲಕರಣೆಗಳನ್ನೇ ತೆಗೆದುಕೊಂಡುಬಿಡುವುದು. ಬೇಟೆಗಾರನ ಬಂದೂಕು, ಬೋನು, ದೋಣಿಗೆ ಇದಕ್ಕಿಂತ ಹತ್ತಿರದ ಮಾತು ಬೇಕಾ? ಇದು ನನ್ನ ಊಹೆ. ಶಾಸನಗಳನ್ನು ಓದಿದವರು ಈ ಬಳಗದಲ್ಲಿದ್ದೀರಿ, ಇದು ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿಸಿ.

ನನ್ನ ನಿಜವಾದ ಪ್ರಶ್ನೆ ಫಾರ್ಫೀಟ್ ಬಗ್ಗೆ. ಸೀಝ್, ಕಾನ್ಫಿಸ್ಕೇಟ್ ಎರಡೂ ತೆಗೆದುಕೊಳ್ಳುವವನ ಕಡೆಯ ಮಾತು. ಫಾರ್ಫೀಟ್ ಹಾಗಲ್ಲ, ಅದು ಕಳೆದುಕೊಳ್ಳುವವನ ಕಡೆಯ ಮಾತು. ಹಳೆಯ ಫ್ರೆಂಚಿನಲ್ಲಿ ಆ ಪದದ ಮೊದಲ ಅರ್ಥವೇ ಹದ್ದು ಮೀರಿದ ಕೆಲಸ, ಅಪರಾಧ. ಆಮೇಲೆ ಅಪರಾಧದಿಂದ ಕೈಬಿಟ್ಟು ಹೋದದ್ದಕ್ಕೂ ಅದೇ ಹೆಸರು ಬಂತು. ತಾನು ಮಾಡಿದ ಕೆಲಸದಿಂದಲೇ ತನ್ನ ವಸ್ತುವಿನ ಮೇಲಿನ ಹಕ್ಕು ತಪ್ಪಿಹೋಗುವುದು, ಇಷ್ಟು ಅದರೊಳಗಿದೆ. ಇದಕ್ಕೆ "ಬೇಟೆಗಾರ ಬಂದೂಕನ್ನು ಕಳೆದುಕೊಂಡ" ಅಂತ ಬರೆದೆ. ಓದಿದರೆ ಕಾಡಿನಲ್ಲಿ ಎಲ್ಲೋ ಬೀಳಿಸಿಕೊಂಡು ಬಂದ ಹಾಗಿದೆ! "ಹಕ್ಕು ಕಳೆದುಕೊಂಡ" ಅಂದರೆ ಪರವಾಗಿಲ್ಲ, ಆದರೆ ಉದ್ದವಾಗುತ್ತದೆ ಮತ್ತು ತಪ್ಪಿಗೂ ನಷ್ಟಕ್ಕೂ ಇರುವ ನಂಟು ಅದರಲ್ಲಿ ಕಾಣುವುದಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ "ಎರವಾಗು" ಹೊಳೆಯಿತು. ಪ್ರಾಣಕ್ಕೆ ಎರವಾಯಿತು, ಸುಖಕ್ಕೆ ಎರವಾದ ಅಂತ ಹೇಳುತ್ತೇವಲ್ಲ, ಅದೇ. ಎರವು ಎಂದರೆ ಕಡ ತಂದದ್ದು, ಯಾವತ್ತಾದರೂ ವಾಪಸ್ ಹೋಗಬೇಕಾದದ್ದು. ಎರವಾಗು ಎಂದರೆ ಇದ್ದದ್ದೇ ಕೈತಪ್ಪಿ ದೂರವಾಗುವುದು. "ಕಳ್ಳಬೇಟೆ ಆಡಿದವನು ತನ್ನ ಬಂದೂಕಿಗೆ ಎರವಾಗುತ್ತಾನೆ." ಈ ವಾಕ್ಯದಲ್ಲಿ ತಪ್ಪು ಅವನದ್ದು, ನಷ್ಟ ಅವನದ್ದು, ಇನ್ನು ವಾಪಸ್ ಬರುವುದಿಲ್ಲ ಅನ್ನುವುದೂ ಇದೆ. ಕನ್ನಡದಲ್ಲಿ ಇಂಥ ಪದ ಇರುವಾಗ ನಾವು ಯಾಕೆ ಎಲ್ಲಕ್ಕೂ ವಶ, ವಶ ಅನ್ನುತ್ತಾ ಕೂತಿದ್ದೇವೆ ಅಂತ ನಿಜವಾಗಿಯೂ ಸಂಕಟವಾಯಿತು.

ಆದರೆ ಇಲ್ಲೂ ಒಂದು ಗಂಟಿದೆ. ಅದಕ್ಕೆ ಮೊದಲು ಬೇರೆ ಎರಡು ಪದಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬರೀ "ವಾರ್ಡನ್" ಅಂದರೆ ನಮ್ಮವರಿಗೆ ನೆನಪಾಗುವುದು ಹಾಸ್ಟೆಲ್. "ಅರಣ್ಯ ರಕ್ಷಕ" ಅಂದರೆ ಬೇರೆಯೇ ಹುದ್ದೆ. ಅಮೆರಿಕದಲ್ಲೇ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು: ಟೆಕ್ಸಾಸ್, ಮೇನ್‌ನಲ್ಲಿ ಗೇಮ್ ವಾರ್ಡನ್, ಮಿಷಿಗನ್‌ನಲ್ಲಿ ಕನ್ಸರ್ವೇಶನ್ ಆಫೀಸರ್, ಅಲಾಸ್ಕಾದಲ್ಲಿ ವೈಲ್ಡ್‌ಲೈಫ್ ಟ್ರೂಪರ್. ಪೆನ್ಸಿಲ್ವೇನಿಯಾ 2018ರಲ್ಲಿ ಗೇಮ್ ವಾರ್ಡನ್ ಅನ್ನುವ ಹೆಸರಿಗೆ ಬದಲಾಯಿತು. ನಾನು "ಬೇಟೆ ಕಾವಲು ಅಧಿಕಾರಿ" ಅಂತ ಇಟ್ಟುಕೊಂಡಿದ್ದೇನೆ. ಗೇಮ್ ಎಂಬ ಪದಕ್ಕೆ ಮಾತ್ರ ನಮ್ಮಲ್ಲಿ ತುಂಬಾ ಒಳ್ಳೆಯ ಮಾತಿದೆ: ಮಿಕ. ಬೇಟೆಗೆ ಗುರಿಯಾದ ಪ್ರಾಣಿ. ಮೃಗ, ಮಿಗ, ಮಿಕ ಎಲ್ಲ ಒಂದೇ ಬಳ್ಳಿ, ಮೃಗ ಅನ್ನುವುದರ ಬೇರಿನಲ್ಲೇ ಅರಸು, ಬೆನ್ನಟ್ಟು ಅನ್ನುವ ಅರ್ಥವಿದೆ.

"ಪ್ರಾಪರ್ಟಿ"ಗೆ ಆಸ್ತಿ ಅಂತ ಬರೆಯಬೇಡಿ. ಬೇಟೆಗಾರರ ಆಸ್ತಿ ಜಪ್ತಿ ಅಂದರೆ ಮನೆ, ಜಮೀನು ಹೋಯಿತು ಅಂತ ಓದುತ್ತಾರೆ. ಸರಂಜಾಮು ಅಂದರೆ ಸಾಕು, ಕಾನೂನಿನ ಜಾಗದಲ್ಲಿ ಸ್ವತ್ತು.

ಸತ್ತ ಜಿಂಕೆಯೂ ಸ್ವತ್ತಾ? ಇಲ್ಲಿ ಕಾನೂನು ಮತ್ತು ಭಾಷೆ ಎರಡೂ ಸೂಕ್ಷ್ಮವಾಗುತ್ತವೆ. ಆ ದೇಶದಲ್ಲಿ ಕಾಡುಪ್ರಾಣಿಗಳನ್ನು ರಾಜ್ಯವು ಜನರ ಪರವಾಗಿ ಕಾಪಾಡಿಕೊಂಡಿದೆ ಅನ್ನುವ ತತ್ವವಿದೆ. ನಿಯಮದಂತೆ ಬೇಟೆ ಆಡಿದಾಗ ಮಾತ್ರ ಅದು ಬೇಟೆಗಾರನದ್ದಾಗುತ್ತದೆ. ಹಾಗಾದರೆ ಕದ್ದು ಹೊಡೆದ ಜಿಂಕೆ ಅವನದ್ದು ಆಗಿಯೇ ಇರಲಿಲ್ಲ. ಅವನದ್ದಲ್ಲದ್ದಕ್ಕೆ ಅವನು ಎರವಾಗುವುದು ಹೇಗೆ? ಜಿಂಕೆಯ ಮಟ್ಟಿಗೆ ಜಪ್ತಿ ಸರಿ, ಎರವು ಸರಿಯಲ್ಲ ಅಂತ ತೀರ್ಮಾನಿಸಿದೆ. ಬಂದೂಕು, ಟ್ರಕ್ಕು ಅವನದ್ದೇ, ಅಲ್ಲಿ ಎರವು ಸರಿ. 1900ರ ಲೇಸಿ ಕಾಯ್ದೆ (ಕಾನೂನು ಮೀರಿ ಹಿಡಿದ ಪ್ರಾಣಿಗಳ ಸಾಗಾಟ, ಮಾರಾಟ ತಡೆಯುವ ಫೆಡರಲ್ ಕಾನೂನು) ಕೂಡ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. ಅದರ ಈಗಿನ ರೂಪದಲ್ಲಿ, ಕಾನೂನು ಮೀರಿ ಬಂದ ಪ್ರಾಣಿ, ಮೀನು ಹೋಗಲು ಮಾಲೀಕನ ತಪ್ಪಿರಬೇಕು ಅಂತಿಲ್ಲ. ವಾಹನ, ದೋಣಿ, ವಿಮಾನ ಹೋಗಬೇಕಾದರೆ ಗಂಭೀರ ಅಪರಾಧ ಸಾಬೀತಾಗಬೇಕು, ಮಾಲೀಕನಿಗೆ ಅದು ಗೊತ್ತಿರಬೇಕು ಅಥವಾ ಗೊತ್ತಾಗಬೇಕಿತ್ತು ಅನ್ನುವಂತಿರಬೇಕು.

ಈಗ ಆ ಗಂಟು. ಕೆಲವು ಮೊಕದ್ದಮೆಗಳಲ್ಲಿ ಸರ್ಕಾರ ಮನುಷ್ಯನ ಮೇಲೆ ಕೇಸು ಹಾಕುವುದೇ ಇಲ್ಲ, ವಸ್ತುವಿನ ಮೇಲೆಯೇ ಹಾಕುತ್ತದೆ. 1988ರಲ್ಲಿ ಫ್ಲಾರಿಡಾದ ಫೆಡರಲ್ ನ್ಯಾಯಾಲಯದ ಒಂದು ಪ್ರಕರಣದ ಹೆಸರೇ "ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ 2,507 ಜೀವಂತ ಗಿಳಿಗಳು" ಅನ್ನುವ ಹಾಗಿದೆ. ಪೆರುವಿನಿಂದ ಬಂದ ಸಣ್ಣ ಜಾತಿಯ ಗಿಳಿಗಳು ಅವು. 2005ರ ಇನ್ನೊಂದು ಪ್ರಕರಣದಲ್ಲಿ ಎದುರು ಪಕ್ಷ 1,44,774 ಪೌಂಡ್ ನೀಲಿ ಕಿಂಗ್ ಏಡಿ. ಏಡಿಯ ಮಾಲೀಕರ "ನಮಗೆ ಗೊತ್ತಿರಲಿಲ್ಲ, ನಾವು ನಿರಪರಾಧಿಗಳು" ಅನ್ನುವ ವಾದಕ್ಕೆ ಇಲ್ಲಿ ಜಾಗವಿಲ್ಲ ಅಂತ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಟ್ಟುಕೊಳ್ಳುವುದೇ ಕಾನೂನುಬಾಹಿರವಾದ ಮಾಲು ಅದು.

ಇಂಥ ಕಡೆ ಎರವಾಗುವವರು ಯಾರು? ವಾಕ್ಯದಲ್ಲಿ ಮನುಷ್ಯನೇ ಇಲ್ಲ. "ಏಡಿಗಳು ಸರ್ಕಾರಕ್ಕೆ ಎರವಾದವು" ಅಂದರೆ ಸರ್ಕಾರವೇ ಅವನ್ನು ಕಳೆದುಕೊಂಡಿತು ಅನ್ನುವ ತದ್ವಿರುದ್ಧ ಅರ್ಥ ಬಂದುಬಿಡುತ್ತದೆ. ನಮ್ಮ ಚತುರ್ಥಿ ವಿಭಕ್ತಿ ಇಲ್ಲಿ ಪೂರ್ತಿ ತಿರುಗಿ ನಿಲ್ಲುತ್ತದೆ. ಬಂದೂಕಿಗೆ ಎರವಾದವನು ಬೇಟೆಗಾರ, ಸರಿ. ಬಂದೂಕನ್ನು ಕರ್ತೃವಾಗಿ ಕೂರಿಸಿದ ತಕ್ಷಣ ಪದ ಕೈಕೊಡುತ್ತದೆ. ಆ 1894ರ ವಾಕ್ಯದಲ್ಲೂ ಕರ್ತೃ ಬಂದೂಕು, ಬೋನು, ಕುದುರೆಗಳೇ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

"ಇಂಥ ಬೇಟೆಗೆ ಬಳಸಿದ ಬಂದೂಕು, ಬೋನು, ಕುದುರೆ, ಗಾಡಿಗಳಿಗೆ ಅವುಗಳ ಒಡೆಯ ಎರವಾಗತಕ್ಕದ್ದು, ಅವು ಸರ್ಕಾರಕ್ಕೆ ಸೇರತಕ್ಕದ್ದು. ಪಾರ್ಕಿನ ಅಧಿಕಾರಿಗಳು ಅವನ್ನು ಜಪ್ತಿ ಮಾಡಿ, ಮೊಕದ್ದಮೆ ತೀರುವವರೆಗೆ ಹಿಡಿದಿಡಬಹುದು."

ಮೂಲದಲ್ಲಿ ಇಲ್ಲದ ಒಡೆಯನನ್ನು ನಾನೇ ತಂದು ಕೂರಿಸಿದ್ದೇನೆ, ಅದು ಮನಸ್ಸಿಗೆ ಒಪ್ಪುತ್ತಿಲ್ಲ. ಒಡೆಯನನ್ನು ತೆಗೆದು "ಮುಟ್ಟುಗೋಲಾಗತಕ್ಕದ್ದು" ಅಂದರೆ ವಾಕ್ಯ ಚೊಕ್ಕವಾಗುತ್ತದೆ, ಆದರೆ ತಪ್ಪಿನಿಂದ ಹಕ್ಕು ತಪ್ಪಿತು ಅನ್ನುವುದು ಹೋಗಿ, ಸರ್ಕಾರ ಕಿತ್ತುಕೊಂಡಿತು ಅನ್ನುವುದಷ್ಟೇ ಉಳಿಯುತ್ತದೆ. ಎರಡರಲ್ಲಿ ನೀವಾದರೆ ಯಾವುದನ್ನು ಇಡುತ್ತಿದ್ದಿರಿ? ವಸ್ತುವೇ ಕರ್ತೃವಾಗಿ ನಿಂತು, ಒಡೆಯನ ತಪ್ಪಿನಿಂದ ಕೈಬಿಟ್ಟುಹೋಯಿತು ಅಂತ ಹೇಳುವ ಬೇರೆ ಕ್ರಿಯಾಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯಾ? ಹಳೆಯ ಕಾಗದಪತ್ರಗಳಲ್ಲಿ ಕಂಡಿದ್ದರೂ ಸರಿ, ಆ ಇಡೀ ವಾಕ್ಯವನ್ನು ಇದ್ದ ಹಾಗೇ ಬರೆದು ಕಳಿಸಿ.