ಮಂಡಕ್ಕಿ ಭಟ್ಟಿ ಕೆಲಸಗಾರರ ಮೇಲೆ ಎಂಎಸ್ಸಿ ಪ್ರಾಜೆಕ್ಟ್: ಡಾಸ್-21 ಒಂದೇ ಸಾಕಾ?

ದಾವಣ್ಗೆರೆ ಹುಡ್ಗಿ:
ಅನ್ವಯಿಕ ಮನೋವಿಜ್ಞಾನ ಎಂಎಸ್ಸಿ, ಮೂರನೇ ಸೆಮಿಸ್ಟರ್. ಮುಂದಿನ ಸೆಮಿಸ್ಟರಿಗೆ ಡಿಸರ್ಟೇಶನ್ ಕೊಡಬೇಕು. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಒತ್ತಡ, ಆತಂಕ ಅಳೆಯೋಣ ಅಂತಿದ್ದೀನಿ. ಡಾಸ್-21 ಪ್ರಶ್ನಾವಳಿಯನ್ನ (ಖಿನ್ನತೆ, ಆತಂಕ, ಒತ್ತಡ ಅಳೆಯೋ 21 ಪ್ರಶ್ನೆ) ಕನ್ನಡದಲ್ಲಿ ಕೊಟ್ಟು, 100 ಜನರ ಹತ್ರ ತುಂಬಿಸಿ, ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸೋ ಲೆಕ್ಕ) ಮಾಡೋ ಯೋಚನೆ. ಗೈಡ್ ಒಪ್ಪಿದ್ದಾರೆ, ಸೀನಿಯರ್ಸ್ ಮಾತ್ರ ವೈವಾದಲ್ಲಿ ಸಿಕ್ಕಿಹಾಕ್ಕೊಳ್ತೀಯ ಅಂತಾರೆ. ಎಲ್ಲೆಲ್ಲಿ ಎಡವಬಹುದು? ಹಾಗೇ ಇನ್ನೊಂದು ಪ್ರಶ್ನೆ: ಈ ಡಿಗ್ರಿ ಇಟ್ಕೊಂಡು ಊರಲ್ಲೇ ಕ್ಲಿನಿಕ್ ತೆಗೀಬಹುದಾ?

ಅಂಕಿಸಂಕಿ:
ಟಿ-ಟೆಸ್ಟ್ ಯಾರ ಯಾರ ನಡುವೆ? 100 ಜನರೂ ಭಟ್ಟಿಯವರೇ ಆದರೆ ಹೋಲಿಸೋಕೆ ಉಳಿಯೋದು ಗಂಡು-ಹೆಣ್ಣು, ಮದುವೆ ಆದವರು-ಆಗದವರು ಅಷ್ಟೇ. ಆಗ ಭಟ್ಟಿ ಕೆಲಸದ ಬಗ್ಗೆ ನಿಮ್ಮ ಪ್ರಾಜೆಕ್ಟ್ ಏನೂ ಹೇಳಿದ ಹಾಗಾಗಲ್ಲ. ಹೆಚ್ಚುಕಡಿಮೆ ಇಷ್ಟೇ ಕೂಲಿ, ಇಷ್ಟೇ ವಯಸ್ಸು, ಆದರೆ ಬೆಂಕಿ ಮುಂದೆ ನಿಲ್ಲದ ಇನ್ನೊಂದು ಗುಂಪು ಬೇಕು. ಎಪಿಎಂಸಿ ಹಮಾಲರು ಹೊಂದುತ್ತಾರೆ. ಆದರೆ ಅಲ್ಲಿ ಗಂಡಸರೇ ಜಾಸ್ತಿ, ಭಟ್ಟಿಯಲ್ಲಿ ಹೆಂಗಸರೂ ಇರ್ತಾರೆ. ಆದ್ದರಿಂದ ಎರಡೂ ಕಡೆ ಗಂಡಸರನ್ನೇ ತಗೊಳ್ಳಿ, ಇಲ್ಲಾ ಹೆಂಗಸರಿಗೆ ಬೇರೆ ಹೋಲಿಕೆ ಗುಂಪು ಹುಡುಕಿ. ಎರಡು ಗುಂಪಿನ ಮಾಹಿತಿಯನ್ನೂ ಅದೇ ವಾರಗಳಲ್ಲಿ ತಗೊಳ್ಳಬೇಕು. ಒಂದನ್ನ ಹಬ್ಬದ ಮುಂಚೆ, ಇನ್ನೊಂದನ್ನ ಹಬ್ಬ ಕಳೆದ ಮೇಲೆ ತಗೊಂಡರೆ ನೀವು ಅಳೆದದ್ದು ಹಬ್ಬದ ಕೈಗಡ.

ಸಂಖ್ಯೆಗೆ ಬರೋಣ. ಮಧ್ಯಮ ಗಾತ್ರದ ವ್ಯತ್ಯಾಸ (ಡಿ = 0.5), ಆಲ್ಫಾ (ಇಲ್ಲದ ವ್ಯತ್ಯಾಸವನ್ನ ಇದೆ ಅನ್ನೋ ತಪ್ಪಿನ ಮಿತಿ) 0.05, ಪವರ್ (ನಿಜಕ್ಕೂ ಇರೋ ವ್ಯತ್ಯಾಸ ಹಿಡಿಯುವ ಸಾಧ್ಯತೆ) 0.80 ಅಂತ, ಬೇಕಾದ ಜನರ ಸಂಖ್ಯೆ ಲೆಕ್ಕ ಹಾಕುವ ಜಿ-ಪವರ್‌ಗೆ ಕೊಟ್ಟರೆ ಗುಂಪಿಗೆ 64 ಬರುತ್ತೆ. ಅದು ಉಚಿತ ಸಾಫ್ಟ್‌ವೇರ್, ಫಲಿತಾಂಶದ ಪುಟವನ್ನ ಅನುಬಂಧಕ್ಕೆ ಹಾಕಿ. ಅರ್ಧಕ್ಕೇ ಎದ್ದು ಹೋಗುವವರನ್ನೂ ಲೆಕ್ಕ ಹಿಡಿದು 70 ಇಟ್ಟುಕೊಳ್ಳಿ. ಆದರೆ ಈ 64 ಸರಿಯಾಗೋದು ಒಬ್ಬರ ಉತ್ತರಕ್ಕೂ ಇನ್ನೊಬ್ಬರ ಉತ್ತರಕ್ಕೂ ನಂಟಿಲ್ಲದಿದ್ದಾಗ. ಒಂದೇ ಭಟ್ಟಿಯವರಿಗೆ ಒಬ್ಬನೇ ಮಾಲೀಕ, ಒಂದೇ ಹೊಗೆ, ಎಷ್ಟೋ ಕಡೆ ಒಂದೇ ಮನೆಯವರು. ಒಂದೇ ಭಟ್ಟಿಯವರ ಉತ್ತರಗಳು ಒಂದನ್ನೊಂದು ಹೋಲುವ ಪ್ರಮಾಣ (ಐಸಿಸಿ) ಬರೀ 0.05 ಇದ್ದರೂ ಭಟ್ಟಿಗೆ 10 ಜನರಂತೆ ತಗೊಂಡಾಗ 64ರ ಜಾಗದಲ್ಲಿ 93 ಬೇಕು. 5 ಜನರಂತೆ ತಗೊಂಡರೆ 77 ಸಾಕು. ಅಂದರೆ ಹೆಚ್ಚು ಭಟ್ಟಿ ಸುತ್ತಿ, ಒಂದೊಂದರಲ್ಲಿ ಕಡಿಮೆ ಜನರನ್ನ ಹಿಡಿಯಿರಿ.

ಇನ್ನು ವಯಸ್ಸು, ಅನುಭವ, ಓದು, ಕುಟುಂಬ ಅಂತ ಸಿಕ್ಕಿದ್ದಕ್ಕೆಲ್ಲ ಟೆಸ್ಟ್ ಹಚ್ಚೋ ಚಾಳಿ ಬೇಡ. 20 ಹೋಲಿಕೆ ಮಾಡಿದರೆ ಒಂದಾದರೂ ಸುಮ್ಸುಮ್ನೆ "ಸಿಗ್ನಿಫಿಕೆಂಟ್" (ಆಕಸ್ಮಿಕ ಅಲ್ಲ ಅನ್ನಿಸೋ ವ್ಯತ್ಯಾಸ) ಅಂತ ಬರೋ ಸಾಧ್ಯತೆ ಸುಮಾರು 64%. ಎರಡೋ ಮೂರೋ ಹೈಪಾಥಿಸಿಸ್ (ಪರೀಕ್ಷಿಸೋ ಊಹೆ), ಮೊದಲೇ ಬರೆದಿಟ್ಟು ಗೈಡ್ ಸಹಿ ಹಾಕಿಸಿ.

ಕೋಟೆನಾಡು:
ಅಳತೆಗೋಲಿನಲ್ಲೇ ಇನ್ನೂ ದೊಡ್ಡ ತೊಡಕಿದೆ. ಡಾಸ್-21ರ ಆತಂಕದ 7 ಪ್ರಶ್ನೆಗಳನ್ನ ಬಿಡಿಬಿಡಿಯಾಗಿ ಓದಿ ನೋಡಿ ಮೇಡಂ. ಬಾಯಿ ಒಣಗೋದು, ಉಸಿರಾಟದ ತೊಂದರೆ, ಕೈ ನಡುಗೋದು, ಎದೆಬಡಿತ ಗೊತ್ತಾಗೋದು. ಕಾದ ಮರಳಲ್ಲಿ ಅಕ್ಕಿ ಹುರಿಯುವ ಬಾಣಲೆ ಮುಂದೆ, ಹೊಗೆಯಲ್ಲಿ ತಾಸುಗಟ್ಟಲೆ ನಿಂತವರಿಗೆ ಯಾವ ಆತಂಕ ಇಲ್ಲದೇನೂ ಇವೆಲ್ಲ ಆಗ್ತವೆ. ಒಬ್ಬರು ಬಾಯಿ ಒಣಗೋದಕ್ಕೆ 2, ಉಸಿರಿಗೆ 2, ನಡುಕಕ್ಕೆ 1 ಅಂದರು ಅಂತಿಟ್ಟುಕೊಳ್ಳಿ. ಒಟ್ಟು 5. ಡಾಸ್-21ರ ಅಂಕವನ್ನ ಎರಡರಿಂದ ಗುಣಿಸಬೇಕು, ಆಗ 10. ಅಲ್ಲಿಗೆ ಅವರು "ಮಧ್ಯಮ ಆತಂಕ"ದ ಪಟ್ಟಿಗೆ ಸೇರಿದರು, ಬರೀ ಬಾಯಾರಿಕೆ, ಹೊಗೆಯಿಂದ! ಉಸಿರು ಮತ್ತು ಎದೆಬಡಿತದ ಪ್ರಶ್ನೆಗಳಲ್ಲಿ "ದೈಹಿಕ ಶ್ರಮ ಇಲ್ಲದಾಗ" ಅನ್ನೋ ಷರತ್ತಿದೆ, ಕೇಳೋ ಭರದಲ್ಲಿ ಅದನ್ನೇ ನುಂಗಿಬಿಡ್ತಾರೆ. ಬಾಯಿ ಒಣಗುವ ಪ್ರಶ್ನೆಗೆ ಆ ಷರತ್ತೂ ಇಲ್ಲ.

ಹಾಗಂತ ಆ ಪ್ರಶ್ನೆಗಳನ್ನ ಕಿತ್ತುಹಾಕುವಂತಿಲ್ಲ, ಕಿತ್ತರೆ ಯಾವ ಅಂಕ ಯಾವ ಪಟ್ಟಿಗೆ ಅಂತ ಹೇಳೋ ಕಟ್-ಆಫ್‌ಗಳು ಕೆಲಸಕ್ಕೆ ಬರಲ್ಲ. ಜೊತೆಗೆ ಜಿಎಡಿ-7 (ಆತಂಕ ಅಳೆಯುವ 7 ಪ್ರಶ್ನೆಗಳ ಪಟ್ಟಿ) ಕೇಳಿ, ಅದರಲ್ಲಿ ಚಿಂತೆ, ಸಮಾಧಾನ ಇಲ್ಲದಿರುವುದು, ಸಿಡಿಮಿಡಿ ಇಂಥವೇ ಹೆಚ್ಚು. ಡಾಸ್‌ನಲ್ಲಿ ಗುಂಪುಗಳ ನಡುವೆ ದೊಡ್ಡ ವ್ಯತ್ಯಾಸ ಬಂದು ಜಿಎಡಿಯಲ್ಲಿ ಬರದಿದ್ದರೆ, ಅದೇ ನಿಮ್ಮ ಚರ್ಚೆಯ ಅಧ್ಯಾಯ. ಡಾಸ್ ಕಳೆದ ಒಂದು ವಾರದ ಮಾತು ಕೇಳುತ್ತೆ, ಜಿಎಡಿ ಎರಡು ವಾರದ್ದು, ಕೇಳುವಾಗ ಅದನ್ನ ಬಿಡಿಸಿ ಹೇಳಿ.

ಎರಡರಿಂದ ಗುಣಿಸೋದನ್ನ ಮರೆತ ಡಿಸರ್ಟೇಶನ್‌ಗಳು ಲೈಬ್ರರಿಯಲ್ಲಿ ಬೇಕಾದಷ್ಟಿವೆ. ಎಲ್ಲರೂ "ನಾರ್ಮಲ್" ಅಂತ ಬಂದಿದ್ದರೆ ಮೊದಲ ಅನುಮಾನ ಅದರ ಮೇಲೆ.

ಎಪಿಎಂಸಿ ಹಿಂದ್ಗಡೆ:
"ತುಂಬಿಸಿ" ಅಂದಿದ್ದೀಯಲ್ಲ ತಂಗಿ, ಯಾರು ತುಂಬ್ತಾರೆ? ಓದೋಕೆ ಬರದವರು ಎಷ್ಟೋ ಜನ. ಎಲ್ಲರಿಗೂ ಬಾಯಲ್ಲೇ ಕೇಳಬೇಕು. ಓದು ಬಂದವರಿಗೆ ಹಾಳೆ, ಬರದವರಿಗೆ ಮಾತು ಅಂತ ಮಾಡಿದರೆ ಅಲ್ಲೇ ಇನ್ನೊಂದು ವ್ಯತ್ಯಾಸ ನುಸುಳುತ್ತೆ. 0ಯಿಂದ 3ರ ತನಕ ಉತ್ತರ ಅಂದರೆ ಗೊಂದಲ ಆಗ್ತದೆ. ನಾಲ್ಕು ಕಾರ್ಡ್ ಮಾಡಿಕೋ: ಖಾಲಿ ಲೋಟ, ತಳದಲ್ಲಿ ಒಂಚೂರು ನೀರು, ಅರ್ಧ, ತುಂಬಿದ್ದು. ಬೆರಳಿಟ್ಟು ತೋರಿಸ್ತಾರೆ. ಶುರುವಿಗೆ "ನಿನ್ನೆ ಎಷ್ಟು ಸುಸ್ತಾಗಿತ್ತು" ಅಂತ ಒಂದೆರಡು ಪ್ರಶ್ನೆ ಕೇಳಿ ರೂಢಿ ಮಾಡಿಸು, ಅವನ್ನ ಲೆಕ್ಕಕ್ಕೆ ಹಿಡಿಯಬೇಡ.

ಮಾಲೀಕರು ಕಿವಿಗೆ ಬೀಳೋ ದೂರದಲ್ಲಿದ್ದರೆ "ಎಲ್ಲಾ ಚೆನ್ನಾಗೈತೆ ಬಿಡವ್ವಾ" ಅನ್ನೋದೊಂದೇ ಉತ್ತರ. ಅನುಮತಿ ಮಾಲೀಕರಿಂದ ತಗೋ, ಮಾತು ಮಾತ್ರ ಬೇರೆ ಕಡೆ, ಕೆಲಸ ಮುಗಿದು ಸ್ವಲ್ಪ ಸುಧಾರಿಸಿಕೊಂಡ ಮೇಲೆ. ಸಹಿ ಬಾರದವರ ಹೆಬ್ಬೆಟ್ಟಿಗೆ ಸಾಕ್ಷಿ ಬೇಕು, ಆ ಸಾಕ್ಷಿ ಮಾಲೀಕರೂ ಆಗಬಾರದು, ಮೇಸ್ತ್ರಿಯೂ ಆಗಬಾರದು. 18 ತುಂಬದವರು ಕೆಲಸದಲ್ಲಿ ಕಂಡರೂ ನಿನ್ನ ಪಟ್ಟಿಗೆ ಸೇರಿಸಬೇಡ, ಅವರಿಗೆ ಹೆತ್ತವರ ಒಪ್ಪಿಗೆ ಬೇರೆ ಬೇಕಾಗುತ್ತೆ.

ಡಾಸ್‌ನಲ್ಲಿ ಸಾಯುವ ಯೋಚನೆ ಬಗ್ಗೆ ನೇರ ಪ್ರಶ್ನೆ ಇಲ್ಲ, ಆದರೂ ಬದುಕಿಗೆ ಅರ್ಥ ಇಲ್ಲ ಅನ್ನೋ ಕಡೆಯ ಪ್ರಶ್ನೆಯಲ್ಲಿ ಯಾರಾದರೂ ಬಾಯಿ ಬಿಡಬಹುದು. ಆಗೇನು ಮಾಡ್ತೀಯ ಅನ್ನೋದು ಎಥಿಕ್ಸ್ ಅರ್ಜಿಯಲ್ಲೇ ಇರಬೇಕು: ಪ್ರಶ್ನಾವಳಿ ನಿಲ್ಲಿಸೋದು, ಗೈಡ್‌ಗೆ ಅಂದೇ ಫೋನು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರ ಕಳಿಸೋದು. ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416 ಅಂತ ಚೀಟಿ ಎಲ್ಲರಿಗೂ ಕೊಡು. ಬೇಕಾದವರಿಗೆ ಮಾತ್ರ ಕೊಟ್ಟರೆ ಉಳಿದವರ ಕಣ್ಣು ಅವರ ಮೇಲೆ ಬೀಳುತ್ತೆ.

ಕೋಟೆನಾಡು:
ಕ್ಲಿನಿಕ್ ವಿಷಯಕ್ಕೆ ಯಾರೂ ಉತ್ತರಿಸಿಲ್ಲ. ಎಂಎಸ್ಸಿ ಒಂದರಿಂದ "ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಬೋರ್ಡ್ ಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಅನ್ವಯಿಕ ಮನೋವಿಜ್ಞಾನದ ಹೆಸರಿದೆ, ಆದರೆ ಅದು ಮೊದಲ ಮೆಟ್ಟಿಲು ಮಾತ್ರ. ಅದರ ಮೇಲೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆಯ ಎರಡು ವರ್ಷದ ಪೂರ್ಣಾವಧಿ ಕ್ಲಿನಿಕಲ್ ಸೈಕಾಲಜಿ ಎಂಫಿಲ್ ಅಂತಿದೆ. ಎಂಫಿಲ್‌ಗೆ ಯುಜಿಸಿ 2025-26ರ ತನಕವಷ್ಟೇ ಅವಕಾಶ ಕೊಟ್ಟಿತ್ತು, ಆರ್‌ಸಿಐ ಹೊಸ ಕೋರ್ಸ್‌ಗಳನ್ನ ತಂದಿದೆ. ಹಾಗಾಗಿ ನಿಮ್ಹಾನ್ಸ್ ಆಗಲಿ ಧಾರವಾಡದ ಡಿಮ್ಹಾನ್ಸ್ ಆಗಲಿ, ಅರ್ಜಿ ಹಾಕುವ ದಿನ ಆರ್‌ಸಿಐ ತಾಣದಲ್ಲಿ ಆ ಸಂಸ್ಥೆ, ಆ ಕೋರ್ಸ್, ಆ ವರ್ಷ ಮೂರೂ ಇವೆಯಾ ನೋಡಿ. ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡಿದರೆ 1992ರ ಆರ್‌ಸಿಐ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಇಲ್ಲಾ 1000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ದಂಡದ ಮೊತ್ತ ನೋಡಿ ನಗಬೇಡಿ, ಜೈಲಿನ ಸಾಲು ಓದಿ. ಶಾಲಾ ಆಪ್ತಸಮಾಲೋಚನೆ, ಎಚ್‌ಆರ್, ಎನ್‌ಜಿಒ ಕೆಲಸಗಳಿಗೆ ನಿಮ್ಮ ಡಿಗ್ರಿ ನಡೆಯುತ್ತೆ.

ದಾವಣ್ಗೆರೆ ಹುಡ್ಗಿ:
ಎಲ್ಲರಿಗೂ ಥ್ಯಾಂಕ್ಸ್. ಹಮಾಲರ ಗುಂಪು ಸೇರಿಸ್ತೀನಿ, ಜಿಎಡಿ-7 ಕೂಡ. ಒಂದು ಉಳೀತು: ಭಟ್ಟಿಗಳಲ್ಲಿ ಮನೆಮಾತು ಉರ್ದು ಇರೋರು ಸಾಕಷ್ಟಿದ್ದಾರೆ. ನನಗೆ ಅಲ್ಪಸ್ವಲ್ಪ ಬರುತ್ತೆ, ಅಲ್ಲೇ ಉರ್ದುವಲ್ಲಿ ಕೇಳಿದರೆ ಆಗುತ್ತಾ?

ಅಂಕಿಸಂಕಿ:
ಬೇಡ. ನಿಂತ ಜಾಗದಲ್ಲಿ ಅನುವಾದ ಮಾಡಿದರೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿದ ಹಾಗೆ. ಅಧಿಕೃತ ಉರ್ದು ಪ್ರತಿ ಸಿಕ್ಕರೆ ಮುದ್ರಿಸಿಕೊಂಡು, ಉರ್ದು ಚೆನ್ನಾಗಿ ಬಲ್ಲ ಒಬ್ಬರೇ ಎಲ್ಲರಿಗೂ ಓದಲಿ, ಯಾರಿಗೆ ಯಾವ ಭಾಷೆ ಅಂತ ಎಕ್ಸೆಲ್‌ನಲ್ಲಿ ಒಂದು ಕಾಲಂ ಇರಲಿ. ಸಿಗದಿದ್ದರೆ "ಕನ್ನಡ ಸರಾಗವಾಗಿ ಬಲ್ಲವರು" ಅನ್ನೋದನ್ನ ಆಯ್ಕೆಯ ಮಾನದಂಡವಾಗಿ ಬರೆದು, ಆ ಕಾರಣಕ್ಕೆ ಎಷ್ಟು ಜನರನ್ನ ಬಿಟ್ಟಿರಿ ಅನ್ನೋ ಲೆಕ್ಕ ಕೊಡಿ. ಪೈಲಟ್‌ಗೆ (ಮೊದಲ ಪ್ರಾಯೋಗಿಕ ಸುತ್ತಿಗೆ) ಹೋದಾಗಲೇ ಆ ಲೆಕ್ಕ ಶುರು ಮಾಡಿ, ಆಮೇಲೆ ನೆನಪಿನಿಂದ ತುಂಬೋಕಾಗಲ್ಲ.