ಪೇಟೆಯ ಹಳೇ ಕಟ್ಟಡದಲ್ಲಿ ಫ್ಲ್ಯಾಟ್: ಎಂಜಿನಿಯರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆ ಕಡೆ ಹಳೇ ಅಂಗಡಿ, ಗೋದಾಮು, ಲಾಡ್ಜ್‌ಗಳ ಮಹಡಿಗಳು ಸಣ್ಣ ಸಣ್ಣ ಫ್ಲ್ಯಾಟ್ ಆಗುತ್ತಿವೆ. ಕೊಳ್ಳುವವರು, ಬಾಡಿಗೆಗೆ ಇರುವವರು, ಕೆಳಗೆ ವ್ಯಾಪಾರ ಮಾಡುವವರು ಎಲ್ಲರೂ ಈ ಗ್ರೂಪಿನಲ್ಲಿದ್ದೀರಿ. ಇವತ್ತು ಸ್ಟ್ರಕ್ಚರಲ್ ಎಂಜಿನಿಯರ್ ಮೇಡಂ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ.

ಹೊಸ ಮನೆ: ನಮಸ್ಕಾರ ಮೇಡಂ. ಚಿಕ್ಕಪೇಟೆ ಮೆಟ್ರೋ ಹತ್ತಿರ ಬಟ್ಟೆ ಗೋದಾಮನ್ನು ಒಂದು ರೂಮಿನ ಫ್ಲ್ಯಾಟ್ ಮಾಡಿ ಮಾರುತ್ತಿದ್ದಾರೆ. ಖಾತಾ ಇದೆಯಂತೆ. ತಗೋಬಹುದಾ?

ಎಂಜಿನಿಯರ್ ಮೇಡಂ: ನಮಸ್ಕಾರ. ಖಾತಾ ಅಂದರೆ ತೆರಿಗೆ ಲೆಕ್ಕ, ಅಷ್ಟೇ. ಕಟ್ಟಡ ಗಟ್ಟಿಯಿದೆ ಅಂತ ಅದು ಹೇಳುವುದಿಲ್ಲ. ಒಸಿ ಕೇಳಿ, ಅಂದರೆ ಕಟ್ಟಡವನ್ನು ಬಳಸಬಹುದು ಅಂತ ಪಾಲಿಕೆ ಕೊಡುವ ಪತ್ರ. ಅದರಲ್ಲಿ ಗೋದಾಮು ಅಂತಿದೆಯೋ, ವಾಸದ ಮನೆ ಅಂತಿದೆಯೋ ಓದಿ. ಒಸಿ ಇಲ್ಲದೆ ಕರೆಂಟು, ನೀರು ಕೊಡಬೇಡಿ, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಲಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ.

ಸೈಟ್ ಮೇಸ್ತ್ರಿ: ಮೇಡಂ, ಗೋದಾಮಿನ ನೆಲ ಮನೆಗಿಂತ ಜಾಸ್ತಿ ಭಾರ ತಡೆಯುತ್ತೆ ಅಲ್ವಾ? ಹಂಗಾದ್ರೆ ಮನೆ ಮಾಡೋದ್ರಲ್ಲಿ ತಪ್ಪೇನು?

ಎಂಜಿನಿಯರ್ ಮೇಡಂ: ಆರ್‌ಸಿಸಿ ಆಗಿದ್ದು, ಗೋದಾಮಿಗೆ ಅಂತಲೇ ಡಿಸೈನ್ ಮಾಡಿದ್ದರೆ ನಿಮ್ಮ ಮಾತು ಸರಿ. ಮನೆಗೆ ಚದರ ಮೀಟರಿಗೆ ಸುಮಾರು 200 ಕೆಜಿ ಲೆಕ್ಕ ಹಿಡಿದರೆ ಗೋದಾಮಿಗೆ ಕನಿಷ್ಠ 750 ಹಿಡಿಯುತ್ತಾರೆ. ಆದರೆ ಫ್ಲ್ಯಾಟ್ ಅಂದರೆ ಮಧ್ಯೆ ಗೋಡೆ ಬರುತ್ತೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಹತ್ತು ಅಡಿ ಎತ್ತರ ಕಟ್ಟಿದರೆ ಒಂದೊಂದು ಅಡಿ ಉದ್ದಕ್ಕೂ 200 ಕೆಜಿ ಆಗುತ್ತೆ. ಅದು ಹರಡಿ ಕೂರುವ ಭಾರ ಅಲ್ಲ, ಒಂದೇ ಗೆರೆಯ ಮೇಲೆ ಕೂರುತ್ತೆ. ಕೆಳಗೆ ಬೀಮ್ ಇದೆಯಾ ನೋಡಿದ್ದೀರಾ?

ಎರಡನೇ ಮಹಡಿ: ಮೇಡಂ, ನಾವು ಬಳೇಪೇಟೆಯ ಒಂದು ಗಲ್ಲಿಯಲ್ಲಿ ಬಾಡಿಗೆಗಿದ್ದೇವೆ. ಮೊದಲು ಲಾಡ್ಜ್ ಆಗಿತ್ತು, ಈಗ ಮೇಲೆ ಎಂಟು ಫ್ಲ್ಯಾಟ್. ಕೆಳಗೆ ಎರಡು ಅಂಗಡಿ ಸೇರಿಸಿ ಒಂದು ಮಾಡುತ್ತಿದ್ದಾರೆ. ಸೋಮವಾರದಿಂದ ನಮ್ಮ ಬಾಗಿಲ ಮೂಲೆಯಲ್ಲಿ ಓರೆ ಬಿರುಕು. ಚಿಲಕ ಕೂರುತ್ತಿಲ್ಲ. ಓನರ್ 'ಸುಮ್ನೆ ಪ್ಲಾಸ್ಟರ್ ಬಿರುಕು' ಅಂತಾರೆ.

ಎಂಜಿನಿಯರ್ ಮೇಡಂ: ಗೋಡೆ ಎಷ್ಟು ದಪ್ಪ? ಸೂರು ಯಾವುದು? ಬಿರುಕು ಗೋಡೆಯ ಆ ಕಡೆಯೂ ಕಾಣುತ್ತಾ?

ಎರಡನೇ ಮಹಡಿ: ಕಿಟಕಿಯಲ್ಲಿ ಆರಾಮಾಗಿ ಕೂರಬಹುದು, ಅಷ್ಟು ದಪ್ಪ. ಸೂರಿಗೆ ಮರದ ತೊಲೆ, ನಡುವೆ ಸಣ್ಣ ಇಟ್ಟಿಗೆ, ಎಲ್ಲದಕ್ಕೂ ಬಿಳಿ ಬಣ್ಣ. ಬಿರುಕು ಪಕ್ಕದ ಮನೆಯವರ ಕಡೆಯೂ ಇದೆ. ಕೆಳಗೆ ನಡುಗೋಡೆ ಅರ್ಧ ಒಡೆದು ಎರಡು ಸರ್ವೆ ಮರ ಕೊಟ್ಟಿದ್ದಾರೆ.

ಎಂಜಿನಿಯರ್ ಮೇಡಂ: ಇದನ್ನು ಪೂರ್ತಿ ಓದಿ. ಬಿರುಕು ಎರಡೂ ಕಡೆ ಇದ್ದರೆ ಅದು ಪ್ಲಾಸ್ಟರಿನದಲ್ಲ, ಗೋಡೆಯದು. ನಿಮ್ಮದು ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಸೂರು. ಇಂಥ ಕಟ್ಟಡದಲ್ಲಿ ಕಂಬ ಇರುವುದಿಲ್ಲ, ಗೋಡೆಯೇ ಕಂಬ. ಮೇಲಿನ ತೊಲೆಗಳ ಭಾರ, ಮೇಲ್ಮಹಡಿ ಗೋಡೆಗಳ ಭಾರ ಎಲ್ಲ ಇಳಿದು ಬರುವುದು ಆ ನಡುಗೋಡೆಗೇ. ಅದನ್ನು ಅರ್ಧ ತೆಗೆದರೆ ಉಳಿದರ್ಧಕ್ಕೆ ಎಲ್ಲ ಭಾರ ಬೀಳುತ್ತೆ. ಸುಣ್ಣದ ಗಾರೆಯ ಗೋಡೆ ಒಂದು ಮಟ್ಟದವರೆಗೆ ಸಹಿಸುತ್ತೆ, ಅದಕ್ಕೇ ನಿಮ್ಮ ಓನರ್‌ಗೆ ಧೈರ್ಯ.

ಎರಡನೆಯದು ಬಾತ್‌ರೂಮ್. ಹಳೇ ಲಾಡ್ಜ್‌ನಲ್ಲಿ ಮಹಡಿಗೆ ಒಂದೋ ಎರಡೋ ಇರುತ್ತಿತ್ತು. ಈಗ ಫ್ಲ್ಯಾಟಿಗೊಂದು. ಪೈಪು ಮುಚ್ಚಲು ನೆಲದ ಮೇಲೆ ಒಂದಡಿ ಇಟ್ಟಿಗೆ ಚೂರು ತುಂಬುತ್ತಾರೆ. ಐದಡಿಗೆ ಆರಡಿ ಬಾತ್‌ರೂಮ್ ಆದರೆ ಬರೀ ಆ ತುಂಬುವಿಕೆಯೇ ಒಂದು ಟನ್ನಿಗಿಂತ ಜಾಸ್ತಿ. ತಾರಸಿಯ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ಟರೆ ಇನ್ನೊಂದು ಟನ್. ಬಾತ್‌ರೂಮ್ ಸೋರಿದರೆ ನೀರು ಹೋಗಿ ನಿಲ್ಲುವುದು ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗದಲ್ಲಿ. ಅಲ್ಲಿ ಕೊಳೆತರೆ ಹೊರಗಿಂದ ಕಾಣುವುದಿಲ್ಲ, ಬಿಳಿ ಬಣ್ಣ ಹೊಡೆದಿದ್ದರಂತೂ ಇಲ್ಲವೇ ಇಲ್ಲ.

ಗೋಡೆ ತೆಗೆಯಲೇಬಾರದು ಅಂತಿಲ್ಲ. ಮೊದಲು ಮೇಲಿನ ಭಾರಕ್ಕೆ ಎರಡೂ ಕಡೆ ಜಾಕಿ ಕೊಟ್ಟು, ಗೋಡೆಯಲ್ಲಿ ಅಡ್ಡ ತೂತು ಕೊರೆದು ಗರ್ಡರ್ ತೂರಿಸಿ, ಎರಡು ತುದಿಗೂ ಕಾಂಕ್ರೀಟ್ ದಿಂಡು ಹಾಕಿ, ಆಮೇಲೆ ಒಡೆಯಬೇಕು. ಲೆಕ್ಕ ಹಾಕಿ ನಕ್ಷೆ ಕೊಟ್ಟವರು ಸ್ಥಳದಲ್ಲಿರಬೇಕು. ಎರಡು ಸರ್ವೆ ಮರ ಸೆಂಟ್ರಿಂಗ್‌ಗೆ, ಅಂದರೆ ಹಸಿ ಕಾಂಕ್ರೀಟಿಗೆ ಆಸರೆ ಕೊಡಲು ಸರಿ, ಇದಕ್ಕಲ್ಲ.

ಈಗ ನೀವು ಮಾಡಬೇಕಾದ್ದು: ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಕು, ಗಂಟೆ ಬರೆಯಿರಿ. ಫೋಟೋ ತೆಗೆಯಿರಿ. ಕೆಳಗಿನ ಕೆಲಸ ಇವತ್ತೇ ನಿಲ್ಲಬೇಕು, ಪಾಲಿಕೆ ಎಂಜಿನಿಯರ್‌ಗೆ ಬರೆದು ಕೊಡಿ. ಎಂಜಿನಿಯರ್ ಬಂದು ನೋಡುವವರೆಗೆ ಆ ಮನೆಯಲ್ಲಿ ಮಲಗಬೇಡಿ.

ಶುಭೋದಯ ಗೆಳೆಯರು: ಫಾರ್ವರ್ಡ್ ಬಂದಿದ್ದು. ಬಿಳಿ ಸಿಮೆಂಟಿಗೆ ಫೆವಿಕಾಲ್ ಕಲಸಿ ಬಿರುಕಿಗೆ ತುಂಬಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಎರಡು ಕೋಟ್. ಜನ್ಮದಲ್ಲಿ ಮತ್ತೆ ಬಿಡಲ್ಲ 🙏 ಹತ್ತು ಜನಕ್ಕೆ ಕಳಿಸಿ.

ಎಂಜಿನಿಯರ್ ಮೇಡಂ: ಕಳಿಸಬೇಡಿ. ಬಿರುಕು ಮುಚ್ಚಿದರೆ ಅದು ದೊಡ್ಡದಾಗುತ್ತಿದೆಯೋ ಇಲ್ಲವೋ ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತೆ. ಗಾರೆ ಗೋಡೆಗೆ ಸಿಮೆಂಟು, ವಾಟರ್‌ಪ್ರೂಫ್ ಪೇಂಟು ಬಳಿದರೆ ಒಳಗಿನ ತೇವ ಹೊರಬರದೆ ಗೋಡೆಯನ್ನೇ ತಿನ್ನುತ್ತೆ.

ಶುಭೋದಯ ಗೆಳೆಯರು: ಒಳ್ಳೇ ಉದ್ದೇಶದಿಂದ ಹಾಕಿದ್ದು ಮೇಡಂ.

ಎಂಜಿನಿಯರ್ ಮೇಡಂ: ಉದ್ದೇಶ ತೊಲೆ ಹೊರುವುದಿಲ್ಲ.

ತಾರಸಿ ಮಾಲೀಕ: ನಾಲ್ಕು ಮಹಡಿ ಹಳೇ ಕಟ್ಟಡಕ್ಕೆ ಲಿಫ್ಟ್ ಹಾಕಬಹುದಾ?

ಕಾಟನ್‌ಪೇಟೆ ಫ್ಲ್ಯಾಟ್ 3: ಕಟ್ಟಡ ಬಿಡಿ, ರಾತ್ರಿ ಒಂದು ಗಂಟೆಗೆ ಲಾರಿಯಿಂದ ಮೂಟೆ ಎಸೆಯುತ್ತಾರೆ. ಮಗು ಎದ್ದುಬಿಡುತ್ತೆ. ಪೊಲೀಸರಿಗೆ ಹೇಳಿದರೆ ನಗುತ್ತಾರೆ.

ಮಾಮೂಲ್‌ಪೇಟೆ ವ್ಯಾಪಾರಿ: ಹಗಲು ಲಾರಿ ಒಳಗೆ ಬಿಡಲ್ಲ ಸ್ವಾಮಿ. ರಾತ್ರಿ ಇಳಿಸದೆ ಇನ್ನೇನು ತಲೆ ಮೇಲೆ ಹೊರಬೇಕಾ? ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದ್ದು ವ್ಯಾಪಾರಕ್ಕೆ. ನೀವು ಬಂದು ಎಷ್ಟು ತಿಂಗಳಾಯ್ತು?

ಕಾಟನ್‌ಪೇಟೆ ಫ್ಲ್ಯಾಟ್ 3: ದುಡ್ಡು ಕೊಟ್ಟು ಕೊಂಡಿದ್ದೇವೆ. ಬಿಟ್ಟಿ ಇಲ್ಲ.

ಮಾಮೂಲ್‌ಪೇಟೆ ವ್ಯಾಪಾರಿ: ಚೈತ್ರ ಹುಣ್ಣಿಮೆಗೆ ಕರಗ ಬರುತ್ತೆ, ನಿಮ್ಮ ಪಕ್ಕದಲ್ಲೇ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗುತ್ತೆ. ರಾತ್ರಿಯೆಲ್ಲ ಗದ್ದಲ. ಅದಕ್ಕೂ ಕಂಪ್ಲೇಂಟಾ?

ಜರಿ ಕೆಲಸ: ನೀವಿಬ್ಬರೂ ಜಗಳ ಆಡ್ತಿರೋ ಕಟ್ಟಡಗಳ ಮಹಡಿ ಮೇಲೆ ಮೊದಲು ನಮ್ಮಂಥವರು ಇದ್ವಿ. ಕೆಲಸ ಅಲ್ಲೇ, ಊಟ ಅಲ್ಲೇ. ಫ್ಲ್ಯಾಟ್ ಮಾಡ್ತೀವಿ ಅಂತ ಎಬ್ಬಿಸಿದರು. ನಾನೀಗ ಎರಡು ಬಸ್ ಬದಲಿಸಿ ಬರ್ತೀನಿ. ಹಮಾಲಿಗಳಿಗೆ ಊಟ ಹಾಕ್ತಿದ್ದ ಮೆಸ್ಸೂ ಹೋಯ್ತು, ಅಲ್ಲಿ ಕಾಫಿ ನೂರೈವತ್ತು ರೂಪಾಯಿ.

ಮಾಮೂಲ್‌ಪೇಟೆ ವ್ಯಾಪಾರಿ: ಎಬ್ಬಿಸಿದ್ದು ಓನರ್‌ಗಳು, ನಾವಲ್ಲ.

ಜರಿ ಕೆಲಸ: ಓನರ್‌ಗಳೂ ನಿಮ್ಮ ಸಂಘದವರೇ ಅಲ್ವಾ?

ಅಡ್ಮಿನ್: ವಿಷಯಕ್ಕೆ ಬನ್ನಿ.

ಪಿಜಿ ಅಮ್ಮ: ಮೇಡಂ, ನಮ್ಮ ಕೆಳಗಿನ ಮಹಡಿಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಗೋದಾಮು. ಮೆಟ್ಟಿಲು ಒಂದೇ. ಕಿಟಕಿಗೆಲ್ಲ ಗ್ರಿಲ್ ಹಾಕಿಸಿದ್ದೇವೆ, ಹುಡುಗಿಯರ ಪಿಜಿ ನೋಡಿ. ಪರವಾಗಿಲ್ವಾ?

ಎಂಜಿನಿಯರ್ ಮೇಡಂ: ಇಲ್ಲ, ಅಪಾಯ ಇದೆ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ ಆದ ಬೆಂಕಿ ಅನಾಹುತ ನೆನಪಿದೆಯಾ? ಕೆಳಗೆ ಮ್ಯಾಟ್ ಗೋದಾಮು, ಮೇಲೆ ಸಂಸಾರ. ಐದು ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಹೊಗೆ ಮೇಲೇರುವುದೂ ಅದೇ ಮೆಟ್ಟಿಲಲ್ಲಿ, ಜನ ಇಳಿಯಬೇಕಾದದ್ದೂ ಅದೇ ಮೆಟ್ಟಿಲಲ್ಲಿ. ಮಹಡಿಗೊಂದು ಗ್ರಿಲ್ ಒಳಗಿಂದ ತೆರೆಯುವ ಹಾಗೆ ಮಾಡಿಸಿ, ಕೀಲಿ ಅಲ್ಲೇ ತೂಗುಹಾಕಿ. ತಾರಸಿ ಬಾಗಿಲಿಗೆ ಬೀಗ ಬೇಡ. ಮೆಟ್ಟಿಲ ಕೆಳಗೆ ಗಾಡಿ ಚಾರ್ಜ್ ಮಾಡುವುದು ನಿಲ್ಲಿಸಿ. ಗೋದಾಮು ಹೋಗುವವರೆಗೆ ಹೊಸ ಹುಡುಗಿಯರನ್ನು ಸೇರಿಸಬೇಡಿ.

ಪಿಜಿ ಅಮ್ಮ: ಅಗ್ನಿಶಾಮಕದ ಬಾಟ್ಲಿ ಇಟ್ಟಿದ್ದೇವೆ.

ಎಂಜಿನಿಯರ್ ಮೇಡಂ: ಮೇಲೆ ಬರೆದದ್ದನ್ನು ಓದಿ.

ಕನಸಿನ ಗೂಡು: ಖಾತಾ ಇದ್ದರೆ ಸಾಕಲ್ವಾ ಮೇಡಂ? ಲೋನ್ ಆಗುತ್ತಾ?

ಎಂಜಿನಿಯರ್ ಮೇಡಂ: ಮೊದಲ ಉತ್ತರ ನೋಡಿ.

ಕನಸಿನ ಗೂಡು: ಸ್ವಲ್ಪ ಬಿಡಿಸಿ ಹೇಳಿದರೆ ನಿಮ್ಮ ಗಂಟೇನು ಹೋಗುತ್ತೆ?

ಎರಡನೇ ಮಹಡಿ: ಮೇಡಂ, ಬೆಳಿಗ್ಗೆ ಹಾಕಿದ ಗೆರೆ ದಾಟಿ ಬಿರುಕು ಒಂದು ಬೆರಳಷ್ಟು ಮುಂದೆ ಹೋಗಿದೆ. ಅವಧಿಗೆ ಮುಂಚೆ ಬಿಟ್ಟರೆ ಅಡ್ವಾನ್ಸ್ ಕೊಡಲ್ಲ ಅಂತಿದ್ದಾರೆ ಓನರ್.

ಎಂಜಿನಿಯರ್ ಮೇಡಂ: ಅಡ್ವಾನ್ಸ್ ಜಗಳ ಹೊರಗೆ ನಿಂತು ಆಡಿ. ಎಂಟೂ ಮನೆಯವರನ್ನು ಎಬ್ಬಿಸಿ, ಈಗಲೇ. ಸಾಮಾನು ಆಮೇಲೆ. ಕೆಳಗಿನ ಅಂಗಡಿಯ ಕೆಲಸದವರನ್ನೂ ಕರೆಯಿರಿ, ಬಿದ್ದರೆ ಮೊದಲು ಅವರ ಮೇಲೇ. 112ಕ್ಕೆ ಫೋನ್ ಮಾಡಿ. ನಿಮ್ಮ ಗಲ್ಲಿ ಯಾವುದು ಅಂತ ನನಗೆ ಮೆಸೇಜ್ ಹಾಕಿ, ಬರುತ್ತೇನೆ.

ಮಾಮೂಲ್‌ಪೇಟೆ ವ್ಯಾಪಾರಿ: ಯಾವ ಗಲ್ಲಿ? ಹುಡುಗರನ್ನು ಕಳಿಸ್ತೀನಿ.

ಕಾಟನ್‌ಪೇಟೆ ಫ್ಲ್ಯಾಟ್ 3: ಈಗ ಒಳ್ಳೆಯವರಾಗಿಬಿಟ್ರಿ.

ಮಾಮೂಲ್‌ಪೇಟೆ ವ್ಯಾಪಾರಿ: ನಿಮ್ಮ ಹತ್ತಿರ ಮಾತಾಡಿಲ್ಲ.

ತಾರಸಿ ಮಾಲೀಕ: ಲಿಫ್ಟ್ ಬಗ್ಗೆ ಯಾರೂ ಹೇಳಲಿಲ್ಲ.