ಎಚ್‌ಎಂಎಸ್ ವಾರಿಯರ್, 1:200: ಒಡಲಿನ ಮೇಲೆ ಫ್ರೇಮ್‌ಗಳ ಗುರುತು ಏಳುತ್ತಿದೆ

ಪ್ರಶ್ನೆ: 1860ರ ಬ್ರಿಟಿಷ್ ಯುದ್ಧನೌಕೆ ವಾರಿಯರ್‌ನ ಮಾದರಿಯನ್ನು ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟುತ್ತಿದ್ದೇನೆ. ಫ್ರೇಮ್ (ಒಡಲಿನ ಒಳಗಿನ ಅಡ್ಡ ಪಕ್ಕೆಗಳು) 1.5 ಮಿ.ಮೀ. ದಪ್ಪ, ಅವುಗಳ ಅಂತರ 40 ಮಿ.ಮೀ., ಹೊದಿಕೆ 0.5 ಮಿ.ಮೀ. ಪ್ರೈಮರ್ ಹೊಡೆದಾಗ ನುಣ್ಣಗಿತ್ತು. ಎರಡು ವಾರದಲ್ಲಿ ಫ್ರೇಮ್‌ಗಳ ನಡುವೆ ಹಾಳೆ ಕುಸಿದು ಬಡಕಲು ದನದ ಪಕ್ಕೆಲುಬಿನಂತೆ ಕಾಣುತ್ತಿದೆ. ಪುಟ್ಟಿ ಮೆತ್ತಿದರೂ ಮತ್ತೆ ತಗ್ಗು. ಡೆಕ್ ಇನ್ನೂ ಕೂರಿಸಿಲ್ಲ.

ಉತ್ತರ: ಡೆಕ್ ಕೂರಿಸದಿದ್ದದ್ದು ಒಳ್ಳೆಯದಾಯಿತು, ಒಡಲು ಉಳಿಯುತ್ತದೆ. ತೆಳು ಸಿಮೆಂಟ್, ಅಂದರೆ ನೀರಿನಂಥ ಪ್ಲಾಸ್ಟಿಕ್ ಅಂಟು, ಸ್ಟೈರೀನನ್ನು ಕರಗಿಸಿಯೇ ಅಂಟಿಸುವುದು. ಆ ದ್ರಾವಕ ಹಾಳೆಯೊಳಗೆ ಇಳಿದು ದಿನಗಟ್ಟಲೆ ನಿಧಾನವಾಗಿ ಆರುತ್ತದೆ, ಹಾಳೆ ಕುಗ್ಗುತ್ತದೆ. 40 ಮಿ.ಮೀ. ಉದ್ದಕ್ಕೂ ಆಸರೆಯಿಲ್ಲದ ಹಾಳೆ ಒಳಕ್ಕೆ ಬಾಗದೆ ಇನ್ನೇನು ಮಾಡೀತು? ಟ್ಯೂಬಿನ ಪುಟ್ಟಿಯೂ ದ್ರಾವಕ ಆರಿಯೇ ಗಟ್ಟಿಯಾಗುವುದು, ಹಾಗಾಗಿ ಅದೂ ಕುಗ್ಗುತ್ತದೆ.

ಮೇಲಿನಿಂದ ಫ್ರೇಮ್‌ಗಳ ನಡುವಿನ ಪ್ರತಿ ಖಾನೆಗೂ ಬಾಲ್ಸಾ ಎಂಬ ಹಗುರ ಮರದ ತುಂಡು ಕತ್ತರಿಸಿ ಎಪಾಕ್ಸಿಯಲ್ಲಿ ಕೂರಿಸಿ. ಹಾಳೆಗೆ ತಾಗಿದರೆ ಸಾಕು, ಒತ್ತಿ ತುರುಕಿದರೆ ಹೊರಕ್ಕೆ ಉಬ್ಬುತ್ತದೆ. ಥರ್ಮೋಕೋಲ್ ಬೇಡ, ಸಿಮೆಂಟಿನ ಆವಿಗೇ ಕರಗುತ್ತದೆ. ರೆಸಿನ್ ಸುರಿಯುವುದೂ ಬೇಡ, ಗಟ್ಟಿಯಾಗುವಾಗ ಬಿಸಿಯೇರಿ ಹಾಳೆ ಸೊಟ್ಟಗಾಗುತ್ತದೆ. ಒಂದು ವಾರ ಬಿಟ್ಟು, ಹಾರ್ಡನರ್ ಬೆರೆಸುವ ಕಾರ್ ಪುಟ್ಟಿಯನ್ನು ತಗ್ಗುಗಳಿಗೆ ಮಾತ್ರ ತೆಳ್ಳಗೆ ಎಳೆಯಿರಿ. 150 ಮಿ.ಮೀ. ಉದ್ದದ ಮರದ ಪಟ್ಟಿಗೆ 240 ನಂಬರಿನ ಉಪ್ಪುಕಾಗದ ಅಂಟಿಸಿ, ಓರೆಯಾಗಿ ಉಜ್ಜಿ. ಬೆರಳಲ್ಲಿ ಹಿಡಿದು ಉಜ್ಜಿದರೆ ಕಾಗದ ತಗ್ಗಿನೊಳಕ್ಕೇ ಇಳಿಯುತ್ತದೆ. ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳುವಾಗಿ ಹೊಡೆದು ಮತ್ತೆ ಉಜ್ಜಿ: ಕಪ್ಪು ಉಳಿದ ಜಾಗವೇ ತಗ್ಗು. ಆಮೇಲೆ 400, 600. ಡೆಕ್ ಮುಚ್ಚುವ ಮುನ್ನ ತಳದಲ್ಲಿ 3 ಮಿ.ಮೀ. ತೂತು ಕೊರೆಯಿರಿ, ಆವಿ ಹೊರಹೋಗಲಿ.

ಮುಂದಿನ ಒಡಲಿಗೆ ಫ್ರೇಮ್ ಅಂತರ 20 ಮಿ.ಮೀ. ದಾಟದಿರಲಿ.

ಪ್ರಶ್ನೆ: ಹಿಂಭಾಗದ ತಳದಲ್ಲಿ ಹಾಳೆ ಮಡಚಿಕೊಳ್ಳುತ್ತಿದೆ. ಹಡಗಿನ ಪಕ್ಕದ ಕಬ್ಬಿಣದ ಕವಚ ತೋರಿಸಲು ಪಟ್ಟಿ ಅಂಟಿಸಲೇ?

ಇನ್ನೊಂದು ಉತ್ತರ: ಹಾಳೆ ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗುವುದಿಲ್ಲ. ಅಲ್ಲಿ 5 ಮಿ.ಮೀ. ಅಗಲದ ಪಟ್ಟಿಗಳನ್ನು ತುದಿ ಕಿರಿದು ಮಾಡಿ ಹಾಸಿ. ಹಡಗಿನ ಮುಂತುದಿಯ ಮೂತಿಯನ್ನಂತೂ ಮರದ ದಿಮ್ಮಿಯಲ್ಲೇ ಕೆತ್ತುವುದು ಲೇಸು.

ಕವಚಕ್ಕೆ ಉಬ್ಬು ಪಟ್ಟಿ ಖಂಡಿತ ಬೇಡ. 4.5 ಅಂಗುಲದ ಕಬ್ಬಿಣ, ಅದರ ಹಿಂದೆ 18 ಅಂಗುಲ ತೇಗ ಇದ್ದರೂ ಹೊರಮೈ ಸಮತಟ್ಟು. ಸಂದು ತೋರಿಸಲೇಬೇಕೆಂದರೆ ಸೂಜಿಯಲ್ಲಿ ಹಗುರವಾಗಿ ಗೀರಿ: 15 ಅಡಿ × 3 ಅಡಿ ಫಲಕ ಈ ಅಳತೆಯಲ್ಲಿ 22.9 × 4.6 ಮಿ.ಮೀ. ತಳಕ್ಕೆ ತಾಮ್ರದ ತಗಡೂ ಬೇಡ. ಉಪ್ಪುನೀರಿನಲ್ಲಿ ತಾಮ್ರ ತಾಗಿದರೆ ಕಬ್ಬಿಣ ಸವೆಯುತ್ತದೆ, ಆದ್ದರಿಂದ ಈ ಹಡಗಿನ ತಳಕ್ಕೆ ಬಳಿದದ್ದು ಬಣ್ಣವನ್ನೇ.